ಸಣಕಲ ಸೀನುವಿನ ಜೇಬು

ಗೋಡೆಯ ಮೇಲೆ ತಮ್ಮ ಮುಖವನ್ನು ಆಳೆತ್ತರಕ್ಕೆ ಹಾಕಿಸಿಕೊಳ್ಳುವ ಯೋಗ ನಮ್ಮೂರಿನಲ್ಲಿ ಎರಡು ಬಗೆಯ ಜನರಿಗೆ ಮಾತ್ರ ಇದೆ: ಹುಟ್ಟುಹಬ್ಬ ಆಚರಿಸಿಕೊಳ್ಳುವ ಪುಢಾರಿಗಳಿಗೆ ಮತ್ತು ಭಾವಪೂರ್ಣ ಶ್ರದ್ಧಾಂಜಲಿಗೆ ಪಾತ್ರರಾದವರಿಗೆ. ಎರಡನೆಯವರಿಗೆ ಅದನ್ನು ನೋಡುವ ಭಾಗ್ಯವೂ ಇಲ್ಲ. ನಾನು ಈ ಎರಡು ಗುಂಪಿಗೂ ಸೇರಿದವನಲ್ಲ. ಹಾಗಿದ್ದರೂ ಹೋದ ಚಳಿಗಾಲದ ಒಂದು ಬೆಳಿಗ್ಗೆ ಜೆ.ಪಿ. ನಗರದ ಒಂದು ಕೆಫೆಯಲ್ಲಿ ಕೂತು ತಲೆ ಎತ್ತಿದಾಗ ಎದುರುಗೋಡೆಯ ತುಂಬ ನಾನೇ ಇದ್ದೆ.

ಪಕ್ಕದ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದಿದ್ದೆ. ಹಾಗಾಗಿ ಮೊದಲು ತಲೆಸುತ್ತು ಎಂದುಕೊಂಡೆ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ. ಆಗಲೂ ಇದ್ದೆ. ಏಳೆಂಟು ವರ್ಷದ ನಾನು. ಬಿದಿರುಕಡ್ಡಿಯಂಥ ಕುತ್ತಿಗೆ, ಎಣ್ಣೆ ಹಚ್ಚಿ ಅಂಟಿಸಿದ ಕ್ರಾಪು, ಮೇಲ್ತುದಿ ಒಳಕ್ಕೆ ಮಡಚಿಕೊಂಡ ಒಂದು ಕಿವಿ. ಕೈಯಲ್ಲಿ ಒಂದು ಲೋಟ. ತಲೆಯ ಮೇಲೆ ಮೋಡದಂಥ ಬಿಳಿ ಗುಳ್ಳೆ, ಅದರೊಳಗೆ ಮಾತು: ‘ಅಮ್ಮಾ, ಇನ್ನೊಂದು ಲೋಟ!’ ನನ್ನ ಕೈಯಲ್ಲಿದ್ದ ಕಾಫಿ ತಟ್ಟೆಗೆ ಚೆಲ್ಲಿತು. ನಾನು ಸುಲಭಕ್ಕೆ ಬೆಚ್ಚುವವನಲ್ಲ. ಆದರೆ ಅರವತ್ತು ದಾಟಿದವನಿಗೆ ಅವನದೇ ಬಾಲ್ಯ ಒಂದು ಮಾತೂ ಹೇಳದೆ ಗೋಡೆಯಿಂದ ದಿಟ್ಟಿಸುತ್ತ ಹಾಲು ಕುಡಿಯುತ್ತಿದ್ದರೆ ನೀವಾದರೂ ಏನು ಮಾಡುತ್ತಿದ್ದಿರಿ?

ಗುಂಡಿಗೆ ಒಂದಿಷ್ಟು ತಹಬಂದಿಗೆ ಬಂದ ಮೇಲೆ ಎದ್ದು ಹತ್ತಿರ ಹೋದೆ. ಮೂಲೆಯಲ್ಲಿ ಚಿಕ್ಕದೊಂದು ಚೀಟಿ ಅಂಟಿಸಿದ್ದರು: ‘ಗಟ್ಟಿಗ ಮಾಲ್ಟ್ ಜಾಹೀರಾತು. ಹಳೆಯ ಕಾಮಿಕ್ಸ್ ಪುಸ್ತಕದ ಹಿಂಬದಿಯ ರಕ್ಷಾಪುಟ. ಕಲಾವಿದರು ಯಾರೆಂದು ತಿಳಿದಿಲ್ಲ.’

ಕೊನೆಯ ಸಾಲನ್ನು ಮತ್ತೆ ಓದಿದೆ. ತಿಳಿದಿಲ್ಲವಂತೆ! ಆ ಕಲಾವಿದರು ಅಲ್ಲಿಂದ ಒಂದು ಆಟೋ ದೂರದಲ್ಲಿ, ಇಟ್ಟಮಡುವಿನ ತಮ್ಮ ಮನೆಯಲ್ಲಿ, ಆ ಹೊತ್ತಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದಿರಬೇಕು. ನನ್ನ ತಂದೆಯ ತಂಗಿ ವಿಶಾಲಾಕ್ಷಿ, ನಮ್ಮೆಲ್ಲರ ವಿಶಾಲತ್ತೆ.

ಮುಂದಿನದನ್ನು ಹೇಳುವ ಮೊದಲು ಆ ಕಾಲದ ಕಾಮಿಕ್ಸನ್ನು ಒಮ್ಮೆ ನಿಮ್ಮ ಕೈಗೆ ಕೊಡಬೇಕು. ಅದರ ಕಾಗದ ಹಪ್ಪಳದ ಹಿಟ್ಟಿನ ಬಣ್ಣದ್ದು. ಒಂದು ಪುಟಕ್ಕೆ ಒಂದೊಂದು ಬಣ್ಣವನ್ನು ಬೇರೆ ಬೇರೆಯಾಗಿ ಅಚ್ಚು ಹಾಕುತ್ತಿದ್ದುದರಿಂದ ಕೆಂಪು ತನ್ನ ಜಾಗ ಬಿಟ್ಟು ಕದಲಿರುತ್ತಿತ್ತು. ರಾಜಕುಮಾರಿಯ ತುಟಿ ಒಂದೆಡೆ, ತುಟಿಯ ಬಣ್ಣ ಕೆನ್ನೆಯ ಮೇಲೆ. ಕಪ್ಪು ಕೂದಲಿಗೆ ನೀಲಿ ಹೊಳಪು. ಭೂತಗನ್ನಡಿ ಹಿಡಿದರೆ ಎಲ್ಲ ಮುಖಗಳಿಗೂ ಸಿಡುಬು. ಚುಕ್ಕೆ ಚುಕ್ಕೆ ಚುಕ್ಕೆ. ನಮ್ಮ ಮೆಚ್ಚಿನ ನಾಯಕ ಗರುಡಮಲ್ಲ ಯಾವ ಕಥೆಯಲ್ಲೂ ಬೆವರಿದವನಲ್ಲ. ಅವನ ಗುದ್ದಿಗೆ ಖಳರ ತಲೆಯ ಸುತ್ತ ಹಳದಿ ನಕ್ಷತ್ರಗಳು ತಿರುಗುತ್ತಿದ್ದವು. ಜಯನಗರದ ನಮ್ಮ ಬೀದಿಯ ಹುಡುಗರು ಜಗಳವಾಡಿದ ಮೇಲೆ ನಕ್ಷತ್ರ ಬಂತೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು.

ಇನ್ನು ಜಾಹೀರಾತುಗಳು. ಕಥೆಗಿಂತ ಅವೇ ಹೆಚ್ಚು ರೋಮಾಂಚಕ. ಕೊನೆಯ ಪುಟದಲ್ಲಿ ಚುಕ್ಕೆಗೆರೆಯ ಕೂಪನ್ ಇರುತ್ತಿತ್ತು. ಕತ್ತರಿಸಿ ಅಂಚೆಗೆ ಹಾಕಿದರೆ ಮಾಯಾ ಕನ್ನಡಕ ಬರುತ್ತಿತ್ತು. ಗೋಡೆಯಾಚೆಗಿನದೂ ಕಾಣುವುದೆಂಬ ಭರವಸೆ. ನಾನೂ ಒಂದು ಸಲ ಕತ್ತರಿಸಿದೆ. ಕೂಪನ್ನಿನ ಹಿಂಬದಿಯಲ್ಲಿ ಕಥೆಯ ಕೊನೆಯ ಚೌಕವಿತ್ತೆಂಬುದು ಆಮೇಲೆ ಹೊಳೆಯಿತು. ಗರುಡಮಲ್ಲ ಎತ್ತಿದ ಮುಷ್ಟಿ ಖಳನ ಮುಖದ ಬದಲು ಒಂದು ಚೌಕಾಕಾರದ ಕಿಟಕಿಗೆ ಬಿತ್ತು. ಕನ್ನಡಕವೇನೋ ಬಂತು. ಅದನ್ನು ಹಾಕಿಕೊಂಡು ಅಡುಗೆಮನೆಯ ಗೋಡೆಯನ್ನು ಬಹಳ ಹೊತ್ತು ನೋಡಿದೆ. ಗೋಡೆ ಕೆಂಪಗೆ ಕಂಡಿತು.

ಬೇರೆ ಹುಡುಗರು ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಿದ್ದರು. ನಮ್ಮ ಮನೆಯಲ್ಲಿ ಹಿಂದಿನಿಂದ. ಏಕೆಂದರೆ ಹಿಂಬದಿಯ ರಕ್ಷಾಪುಟದ ಜಾಹೀರಾತು ನಮ್ಮ ಮನೆಯ ಬೆಳೆ. ಪೆಪ್ಪರ್‌ಮೆಂಟು, ನೋವಿನ ಮುಲಾಮು, ಪೆನ್ನಿನ ಶಾಯಿ, ಗಟ್ಟಿಗ ಮಾಲ್ಟ್: ಎಲ್ಲವನ್ನೂ ವಿಶಾಲತ್ತೆ ನಡುಮನೆಯ ಕಿಟಕಿಯ ಕೆಳಗೆ ಇಳಿಜಾರು ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ಮಾಡೆಲ್‌ಗಳಿಗೆ ಕಂಪನಿ ಏನೂ ಕೊಡುತ್ತಿರಲಿಲ್ಲವಾದ್ದರಿಂದ ಮನೆಯವರೇ ಮಾಡೆಲ್‌ಗಳು. ಮುಲಾಮಿನ ಜಾಹೀರಾತಿನಲ್ಲಿ ಸೊಂಟ ಹಿಡಿದುಕೊಂಡು ನಿಂತವಳು ನನ್ನಮ್ಮ. ಮಾಲ್ಟಿನ ಸಣಕಲ ಸೀನು ನಾನು. ಹೆಸರನ್ನು ಬದಲಿಸುವ ತೊಂದರೆಯನ್ನೂ ಅತ್ತೆ ತೆಗೆದುಕೊಂಡಿರಲಿಲ್ಲ. ಕೊನೆಯ ಚೌಕದಲ್ಲಿ ಸೀನು ಗಟ್ಟಿಗನಾಗಿ ಸಿಕ್ಸರ್ ಬಾರಿಸಬೇಕಿತ್ತು. ಅದಕ್ಕೆ ನಾನು ಬ್ಯಾಟು ಹಿಡಿದು ನಿಂತೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸೀನು, ಹೋಗಿ ಪಕ್ಕದ್ಮನೆ ಪ್ರಭಾಕರನ್ನ ಕರ್ಕೊಂಡ್ಬಾ” ಎಂದರು. ಅಚ್ಚಾಗಿ ಬಂದಾಗ ತಲೆ ನನ್ನದು, ಅದರ ಕೆಳಗಿನದೆಲ್ಲ ಪ್ರಭಾಕರನದು.

ಕೈಗಳಿಗೆ ಮಾತ್ರ ಅತ್ತೆ ಯಾರನ್ನೂ ಕರೆಯುತ್ತಿರಲಿಲ್ಲ. ಕೈ ಬರೆಯುವುದೇ ಕಷ್ಟ, ಮಕ್ಕಳು ಕೈಯನ್ನು ಅಲ್ಲಾಡಿಸದೆ ಇಡುವುದಿಲ್ಲ ಎನ್ನುತ್ತಿದ್ದರು. ಬಲಗೈಯಲ್ಲಿ ಬ್ರಷ್ಷು, ಬಿಡುವಾಗಿದ್ದುದು ಎಡಗೈ. ಅದನ್ನೇ ಕಣ್ಣೆದುರು ಎತ್ತಿ ಹಿಡಿದು ಬರೆಯುತ್ತಿದ್ದರು. ಹೀಗಾಗಿ ಅತ್ತೆಯ ಎಡಗೈ ಒಂದು ತಿಂಗಳು ರಾಜಕುಮಾರಿಯದು, ಇನ್ನೊಂದು ತಿಂಗಳು ಕಳ್ಳನದು. ಖಾಲಿ ಲೋಟ ಹಿಡಿದುಕೊಂಡ ಎಡಗೈ ಗಾಳಿಯಲ್ಲಿ, ಅದನ್ನೇ ನೋಡುತ್ತ ಬಲಗೈ ಕಾಗದದ ಮೇಲೆ: ಇದು ನನ್ನ ಬಾಲ್ಯದ ಕದಲದ ಚಿತ್ರ. ಪುಟದ ಮೇಲೆ ಇಳಿದ ಜನರೆಲ್ಲ ಎಡಚರಾಗಿರುತ್ತಾರೆಂಬುದು ಅತ್ತೆಗೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಮುಲಾಮು ಹಚ್ಚುವುದಕ್ಕೆ, ಪೆನ್ನಿಗೆ ಶಾಯಿ ತುಂಬುವುದಕ್ಕೆ ಯಾವ ಕೈಯಾದರೇನು, ಯಾರೂ ತಕರಾರು ತೆಗೆಯಲಿಲ್ಲ. ಆದರೆ ಸೀನು ಎಡಗೈಯಲ್ಲಿ ಹಾಲು ಕುಡಿದಾಗ ನಾಡಿನ ತಾಯಂದಿರು ಎದ್ದು ಕೂತರು.

ಮಾಲ್ಟ್ ಕಂಪನಿಯ ಮ್ಯಾನೇಜರು ಮನೆಗೇ ಬಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಷ್ಟನ್ನು ಹೇಳುತ್ತೇನೆ.

“ನೋಡಿ ಮೇಡಂ, ಕಾಗದದ ಮೇಲೆ ಕಾಗದ ಬರ್ತಿದೆ. ಮಕ್ಕಳಿಗೆ ಎಡಗೈಲಿ ಕುಡಿಯೋದ್ ಕಲಿಸ್ತೀರಾ ಅಂತ ಕೇಳ್ತಾರೆ. ಆ ಕೈ ಒಂದನ್ನ ಬದಲಾಯಿಸಿ ಬರ್ಕೊಡಿ.”

“ಕೈ ಒಂದನ್ನ ಬದಲಾಯಿಸೋಕೆ ಅದೇನು ಬಳೆನಾ?” ಎಂದರು ಅತ್ತೆ. “ಭುಜ ಬದಲಾಗುತ್ತೆ, ಕುತ್ತಿಗೆ ವಾಲೋದ್ ಬದಲಾಗುತ್ತೆ. ಮೊದಲ ಗುಟುಕಿಗೆ ಮಗು ಮುಖ ಹೇಗಿರುತ್ತೋ ಹಾಗೆ ಬಂದಿದೆ. ಅದು ಇನ್ನೊಂದ್ಸಲ ಬರಲ್ಲ. ಹುಡುಗ ಎಡಚ ಅಂತ ಹೇಳ್ಬಿಡಿ.”

“ಎಡಚ ಅಂದ್ರೆ ಮಾಲ್ಟ್ ಖರ್ಚಾಗಲ್ಲ ಮೇಡಂ.”

“ಹಾಗಾದ್ರೆ ನಿಮ್ಮ ಮಾಲ್ಟನ್ನೇ ಒಂಚೂರು ಚೆನ್ನಾಗಿ ಮಾಡಿ ಸಾರ್.”

ಮ್ಯಾನೇಜರು ಅಮ್ಮ ಕೊಟ್ಟ ಕಾಫಿಯನ್ನು ಬಲಗೈಯಲ್ಲೇ ಕುಡಿದು ಹೋದರು. ಮುಂದಿನ ತಿಂಗಳ ಪುಸ್ತಕದಲ್ಲಿ ಲೋಟ ಸೀನುವಿನ ಬಲಗೈಗೆ ಬಂದಿತ್ತು. ಅತ್ತೆ ಸೋತು ಹೊಸದಾಗಿ ಬರೆದುಕೊಟ್ಟರೆಂದು ಮನೆಮಂದಿಯೆಲ್ಲ ತಿಳಿದೆವು. ಅದೇ ವಾರ ಅತ್ತೆ ಬ್ರಷ್ಷುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು, ಮನೆಯಲ್ಲಿದ್ದ ಪುಸ್ತಕಗಳನ್ನು ಹಳೇಪೇಪರಿನವನಿಗೆ ಕೊಟ್ಟರು. ಕೇಳಿದವರಿಗೆ ‘ಕೈ ನೋವು’ ಎಂದರು. ಯಾವ ಕೈ ಎಂದು ಯಾರೂ ಕೇಳಲಿಲ್ಲ. ಆಮೇಲೆ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾದರು. ನಮ್ಮ ಮನೆಯವರೂ ಕಾಮಿಕ್ಸನ್ನು ಎಲ್ಲರಂತೆ ಮುಂದಿನಿಂದ ಓದತೊಡಗಿದೆವು.

ಇದೆಲ್ಲ ನೆನಪಾಗಿ, ಆ ಕೆಫೆಯ ಒಡತಿಯನ್ನು ಹುಡುಕಿದೆ. ಮೇಘಾ ಎಂಬ ಚುರುಕಾದ ಹೆಣ್ಣುಮಗಳು. ಹಳೆಯ ಕಾಮಿಕ್ಸುಗಳನ್ನು ಎಲ್ಲೆಲ್ಲಿಂದಲೋ ಕೂಡಿಹಾಕಿ, ಚೆಂದದ ಪುಟಗಳನ್ನು ದೊಡ್ಡದು ಮಾಡಿಸಿ ಗೋಡೆಗೆ ಏರಿಸಿದ್ದಳು. ನಾನು ಕೊಂಚ ಕೆಮ್ಮಿ, “ಅಮ್ಮಾ, ಆ ಚಿತ್ರ ಬರೆದಿದ್ದು ನಮ್ಮತ್ತೆ. ಹುಡುಗ ನಾನು” ಎಂದೆ.

ಅವಳು ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಗು ತಡೆದುಕೊಂಡಿದ್ದು ಅವಳ ಒಳ್ಳೆಯತನ. “ಅಂಕಲ್, ಬೇಜಾರ್ ಮಾಡ್ಕೋಬೇಡಿ. ಹೋದ್ವರ್ಷ ಆ ಕಡೆ ಗೋಡೆಲಿರೋ ಬಿಸ್ಕೆಟ್ ಚಿತ್ರಕ್ಕೆ ಯಾರೋ ಬಂದು ನಮ್ಮ ತಾತ ಬರ್ದಿದ್ದು ಅಂದ್ರು. ಹೆಸರು ಹಾಕ್ದೆ. ಆಮೇಲೆ ನೋಡಿದ್ರೆ ಅವ್ರ ತಾತ ಆ ಬಿಸ್ಕೆಟ್ ಮಾರ್ತಿದ್ರಂತೆ, ಅಷ್ಟೇ. ಬಂದೋರೆಲ್ಲ ಬೈದ್ರು. ಅದಕ್ಕೇ ಗ್ಯಾರಂಟಿ ಇಲ್ದೆ ಹೆಸರು ಹಾಕಲ್ಲ. ಸಹಿ ಮಾಡಿರೋ ಒರಿಜಿನಲ್ ಏನಾದ್ರೂ ಇದ್ಯಾ?”

ಇರಲಿಲ್ಲ. ಚಿತ್ರವನ್ನು ಲೋಹದ ತಗಡಿಗೆ ಇಳಿಸಿ ಅಚ್ಚಿಗೆ ಬ್ಲಾಕು ಮಾಡುವವರ ಕೈಗೆ ಹೋದದ್ದು ವಾಪಸು ಬರುವ ರೂಢಿಯೇ ಆಗ ಇರಲಿಲ್ಲ. ಜಾಹೀರಾತಿನಲ್ಲಿ ಡಬ್ಬದ ಹೆಸರಿನ ಹೊರತು ಬೇರೆ ಹೆಸರು ಕಾಣಬಾರದೆಂಬುದೂ ರೂಢಿ. ನನ್ನ ಬಳಿ ಇದ್ದ ಸಾಕ್ಷ್ಯ ಒಂದೇ, ನನ್ನ ಕಿವಿ. ಅದನ್ನು ಆ ಹೊತ್ತಿನಲ್ಲಿ ತೋರಿಸಲು ಸಂಕೋಚವಾಯಿತು.

ಇಟ್ಟಮಡುವಿಗೆ ಹೋಗಿ ವಿಷಯ ಹೇಳಿದೆ. ಅತ್ತೆ ಅವರೆಕಾಯಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ವಯಸ್ಸು ಎಂಬತ್ತರ ಆಸುಪಾಸು. ವಿನಯ ಯಾವ ವಯಸ್ಸಿನಲ್ಲೂ ಇರಲಿಲ್ಲ.

“ಎಷ್ಟು ದೊಡ್ಡದು ಮಾಡಿದಾರೆ?”

“ಗೋಡೆ ತುಂಬ, ಅತ್ತೆ.”

“ದೊಡ್ಡದು ಮಾಡಿದ್ರೂ ಗೆರೆ ನಿಂತಿದ್ಯಾ?”

“ನಿಂತಿದೆ.”

“ನಿಲ್ಲದೆ ಏನು. ಯಾರೋ ತಿಳಿದಿಲ್ಲ ಅಂತ ಹಾಕಿದಾಳಾ? ನಡಿ, ತಿಳಿಸ್ಬರೋಣ.” ಬೀರುವಿನಿಂದ ಮೈಸೂರು ರೇಷ್ಮೆ ಸೀರೆ ತೆಗೆದರು. ಮದುವೆಗಳಿಗೂ ಹೊರಗೆ ಬಾರದ ಸೀರೆ ಅದು.

ಕೆಫೆಯಲ್ಲಿ ಮೇಘಾ ಬಲು ಮರ್ಯಾದೆಯಿಂದ, “ಬನ್ನಿ ಅಜ್ಜಿ, ಕೂತ್ಕೊಳ್ಳಿ” ಎಂದಳು.

“ಅಜ್ಜಿ ಆಮೇಲೆ. ಮೊದಲು ಆರ್ಟಿಸ್ಟ್ ಅನ್ನು.”

ಅತ್ತೆ ಗೋಡೆಯ ಮುಂದೆ ನಿಂತು ಚಿತ್ರವನ್ನು ಮೇಲಿಂದ ಕೆಳಗೆ ನೋಡಿದರು. ನಾನು ಪಕ್ಕದಿಂದ ಅವರ ಮುಖವನ್ನು ನೋಡುತ್ತಿದ್ದೆ. ಸಂತೋಷವನ್ನು ನಿರೀಕ್ಷಿಸಿದ್ದೆ, ಬಂದದ್ದು ಸಂತೋಷವಲ್ಲ. ತುಟಿ ಬಿಗಿಯಿತು. ಅದನ್ನು ನೋಡಲಾರದೆ ನಾನು ಮಾಡಬಾರದೆಂದುಕೊಂಡಿದ್ದನ್ನು ಮಾಡಿದೆ. ಚಿತ್ರದ ಪಕ್ಕ ಹೋಗಿ, ಕುತ್ತಿಗೆ ವಾಲಿಸಿ, ಇಲ್ಲದ ಲೋಟವನ್ನು ಎತ್ತಿ ನಿಂತೆ. “ನೋಡಮ್ಮ, ಈ ಮಡಚಿದ ಕಿವಿ. ಹುಟ್ಟಿನಿಂದ ಹೀಗೆ.” ಪಕ್ಕದ ಮೇಜಿನವರು ಫೋನ್ ಎತ್ತಿದ್ದು ಕಾಣಿಸಿತು. ಈ ಪಾತ್ರಕ್ಕೆ ಪ್ರಭಾಕರನನ್ನು ಕರೆಸುವಂತಿರಲಿಲ್ಲ.

ಮೇಘಾ ಹತ್ತಿರ ಬಂದು ನೋಡಿದಳು. ಅವಳ ಮುಖದಲ್ಲಿ ನಿಜವಾದ ಬೇಸರ ಇಳಿಯಿತು. “ಅಂಕಲ್, ನಿಮ್ದು ಬಲಗಿವಿ. ಚಿತ್ರದಲ್ಲಿ ಮಡಚಿರೋದು ಎಡಗಿವಿ.”

ನಾನು ನನ್ನ ಕಿವಿ ಮುಟ್ಟಿ ನೋಡಿಕೊಂಡೆ. ಗೋಡೆಯನ್ನು ನೋಡಿದೆ. ಅವಳು ಹೇಳಿದ್ದು ನಿಜ. ಇಷ್ಟು ವರ್ಷ ಆ ಚಿತ್ರ ನಾನೇ ಎಂದು ನಂಬಿಕೊಂಡಿದ್ದೇನೆ, ಒಂದು ಸಲವೂ ಅದನ್ನು ಗಮನಿಸಿರಲಿಲ್ಲ. ಅತ್ತೆಯ ಹೆಸರು ನನ್ನ ಕಿವಿಯಿಂದಲೇ ಹೋಯಿತಲ್ಲ ಎನ್ನಿಸಿತು.

ಹಿಂದಿನಿಂದ ಅತ್ತೆಯ ಧ್ವನಿ: “ಕಿವಿ ಹಾಗಿರ್ಲಿ. ಜೇಬು ನೋಡಮ್ಮ.”

“ಜೇಬಾ?”

“ಅಂಗಿ ಜೇಬು. ಯಾವ ಕಡೆ ಇದೆ?”

ಬಲಗಡೆ ಇತ್ತು. ಮೇಘಾ ತಿರುಗಿ ನನ್ನ ಅಂಗಿಯನ್ನು, ಪಕ್ಕದ ಮೇಜಿನವರ ಅಂಗಿಗಳನ್ನು ನೋಡಿದಳು. ಎಲ್ಲರ ಜೇಬೂ ಎಡಗಡೆ.

“ಯಾವ ದರ್ಜಿನಾದ್ರೂ ಹುಡುಗರ ಅಂಗಿಗೆ ಬಲಗಡೆ ಜೇಬು ಇಡ್ತಾನಾ? ನಾನು ಅಷ್ಟು ದಡ್ಡೀನಾ?” ಅತ್ತೆಯ ಧ್ವನಿ ಏರಿತು. “ಎಡಗೈಲಿ ಕುಡೀತಾನೆ ಅಂತ ಗಲಾಟೆ ಆಯ್ತು. ನಾನು ತಿದ್ದಲ್ಲ ಅಂದೆ. ನನಗೊಂದು ಮಾತೂ ಹೇಳ್ದೆ ಬ್ಲಾಕ್ ಮಾಡೋರ ಹತ್ರ ಚಿತ್ರಾನೇ ತಿರುಗಿಸ್ಬಿಟ್ರು, ದೋಸೆ ಮಗುಚಿದ ಹಾಗೆ! ಲೋಟ ಬಲಗೈಗೆ ಬಂತು, ಅದರ ಜೊತೆ ಜೇಬೂ ಬಂತು, ಇವನ ಕಿವೀನೂ ಆ ಕಡೆ ಹೋಯ್ತು. ಲೋಕ ಎಲ್ಲ ಕೈ ನೋಡ್ತು, ಜೇಬು ಯಾರೂ ನೋಡ್ಲಿಲ್ಲ. ನಾನು ನೋಡ್ದೆ. ಅವತ್ತೇ ಬ್ರಷ್ ಕಟ್ಟಿಟ್ಟೆ.”

ಅಂದರೆ ಅತ್ತೆ ಸೋತಿರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಮನೆಮಂದಿಯೆಲ್ಲ ಅವರು ಸೋತರೆಂದು ತಿಳಿದುಕೊಂಡಿದ್ದೆವು. ಅವರು ತಿದ್ದಲೂ ಇಲ್ಲ, ತಾವು ತಿದ್ದಲಿಲ್ಲವೆಂದು ಹೇಳಿಕೊಳ್ಳಲೂ ಇಲ್ಲ.

ಮೇಘಾ ಫೋನಿನಲ್ಲಿ ಗೋಡೆಯ ಫೋಟೋ ತೆಗೆದು, ಬೆರಳಾಡಿಸಿ ಚಿತ್ರವನ್ನು ಮಗುಚಿದಳು. ಜೇಬು ಎಡಕ್ಕೆ ಬಂತು. ಕಿವಿ ಬಲಕ್ಕೆ ಬಂತು. ಅದನ್ನು ನನ್ನ ಮುಖದ ಪಕ್ಕ ಹಿಡಿದಳು. ಪಕ್ಕದ ಮೇಜಿನಿಂದ ಯಾರೋ ‘ಓಹೋ’ ಎಂದರು. ಅತ್ತೆ ಮೇಜಿನ ಮೇಲಿದ್ದ ಲೋಟವನ್ನು ಎಡಗೈಯಲ್ಲಿ ಎತ್ತಿ ಫೋನಿನ ಪಕ್ಕಕ್ಕೆ ತಂದರು. ಅವರ ಎಡಗೈಯ ಕಿರುಬೆರಳು ಹುಟ್ಟಿನಿಂದಲೂ ಕೊಂಚ ಒಳಕ್ಕೆ ಬಾಗಿದೆ. ಚಿತ್ರದ ಹುಡುಗನ ಕಿರುಬೆರಳೂ ಹಾಗೆಯೇ ಬಾಗಿತ್ತು. ಚರ್ಮ ಸುಕ್ಕಾಗಿತ್ತು, ನರ ಎದ್ದಿತ್ತು. ಆದರೆ ಲೋಟ ಹಿಡಿದ ರೀತಿ, ಹೆಬ್ಬೆರಳು ಅಂಚಿಗೆ ತಾಗುವ ಜಾಗ, ಎಲ್ಲವೂ ಅದೇ. ಒಂದು ಕೂದಲೆಳೆಯ ವ್ಯತ್ಯಾಸವನ್ನೂ ನಾನು ಕಾಣಲಿಲ್ಲ.

“ಅಯ್ಯೋ ಅಜ್ಜಿ, ಇದು ನಿಮ್ಮ ಕೈ!” ಎಂದಳು ಮೇಘಾ. ಅವಳ ಕಣ್ಣಲ್ಲಿ ನೀರಿತ್ತು. “ಇವತ್ತೇ ಹೆಸರು ಹಾಕಿಸ್ತೀನಿ.”

“ಬೇಡ,” ಎಂದರು ಅತ್ತೆ.

ನಾನು ಬೆಚ್ಚಿದೆ.

“ಇದರ ಕೆಳಗೆ ಬೇಡ. ಇದು ಬ್ಲಾಕಿನವನ ಚಿತ್ರ. ಸರಿಯಾಗಿ ತಿರುಗಿಸಿ ಹಾಕು, ಆಮೇಲೆ ಹೆಸರು ಹಾಕು.”

ಮೇಘಾ ತಡವರಿಸಿದಳು. ಜನ ಈ ಗೋಡೆಯೆದುರೇ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ, ಕಪ್ಪಿನ ಮೇಲೂ ಇದೇ ಚಿತ್ರ ಅಚ್ಚಾಗಿದೆ, ಯೋಚನೆ ಮಾಡಿ ಹೇಳುತ್ತೇನೆ ಎಂದಳು. ತಪ್ಪು ಅವಳದೇನೂ ಇರಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ನಾನು ತಡೆಯಲಾರದೆ ಅಂದೆ: “ಅತ್ತೆ, ಕೈಗೆ ಬಂದಿದ್ದು ಬಿಟ್ಬಿಟ್ರಲ್ಲ. ಹೆಸರು ಹಾಕಿಸ್ಕೊಂಡು ಆಮೇಲೆ ತಿರುಗಿಸು ಅಂತ ಕೇಳ್ಬಹುದಿತ್ತು.”

“ಆಸ್ಪತ್ರೇಲಿ ಬೇರೆಯವರ ಮಗುನ ಕೈಗೆ ಕೊಟ್ಟು, ಸದ್ಯಕ್ಕೆ ಇದನ್ನ ತಗೊಂಡ್ಹೋಗಿ, ಆಮೇಲೆ ಬದಲಾಯಿಸ್ಕೊಡ್ತೀವಿ ಅಂದ್ರೆ ತಗೊಂಡ್ಹೋಗ್ತೀಯೇನೋ?” ಎಂದರು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ಸೀರೆಯ ಮಡಿಲಲ್ಲಿದ್ದ ಎಡಗೈಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಫೋನು ಬರುತ್ತದೆಂದು ಕಾದೆ. ಬರಲಿಲ್ಲ. ದಿನಗಳು ಹೋದವು. ಅತ್ತೆ ಕೇಳುತ್ತಿರಲಿಲ್ಲ, ಕೇಳದಿರುವುದರಲ್ಲೂ ಅವರಿಗೊಂದು ಜಂಬ. ನನ್ನ ಮನೆ ಉತ್ತರಹಳ್ಳಿಯಲ್ಲಿ. ಅಲ್ಲಿಂದ ಇಟ್ಟಮಡುವಿಗೆ ಹೋದಾಗಲೆಲ್ಲ, ನಾನು ಚಪ್ಪಲಿ ಬಿಡುವಾಗ ಅವರು ನನ್ನ ಮುಖವನ್ನು ಒಮ್ಮೆ ನೋಡಿ ಬೇರೆ ಮಾತು ತೆಗೆಯುತ್ತಿದ್ದರು.

ಯುಗಾದಿಗೆ ಸ್ವಲ್ಪ ಮುಂಚೆ ಮೇಘಾಳ ಕರೆ ಬಂತು. “ಅಂಕಲ್, ಆರ್ಟಿಸ್ಟನ್ನ ಕರ್ಕೊಂಡ್ಬನ್ನಿ” ಎಂದಳು, ಅಷ್ಟೇ.

ಹೋದೆವು. ಮತ್ತೆ ಅದೇ ಸೀರೆ. ಗೋಡೆಯ ಮೇಲೆ ಸೀನು ತಿರುಗಿದ್ದ. ಜೇಬು ಎಡಗಡೆ, ಕಿವಿ ಬಲಗಡೆ, ಲೋಟ ಎಡಗೈಯಲ್ಲಿ. ಮಾತಿನ ಗುಳ್ಳೆಯ ಅಕ್ಷರಗಳನ್ನು ಮಾತ್ರ ತಿರುಗದಂತೆ ಬೇರೆಯಾಗಿ ಕೂಡಿಸಿದ್ದಳು. ಆಗ ನನಗೆ ತಿಳಿಯಿತು, ಕುತ್ತಿಗೆ ಏಕೆ ಹಾಗೆ ವಾಲಿದೆ ಎಂದು. ಹುಡುಗ ಅತ್ತೆಯಿಂದ ಬಂದ, ತನಗೆ ರೂಢಿಯಿಲ್ಲದ ಎಡಗೈಯಲ್ಲಿ, ಚೆಲ್ಲೀತೆಂಬ ಎಚ್ಚರದಲ್ಲಿ ಕುಡಿಯುತ್ತಿದ್ದಾನೆ. ಎಂಥ ಮುಖ ಅದು! ನನ್ನದಾಗಿದ್ದಕ್ಕೆ ಮೊದಲ ಸಲ ಹೆಮ್ಮೆಯಾಯಿತು. ಕೆಳಗೆ, ಚೀಟಿಯಲ್ಲಲ್ಲ, ಗೋಡೆಯ ಮೇಲೆಯೇ, ದೂರದ ಮೇಜಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ: ‘ಚಿತ್ರ: ವಿಶಾಲಾಕ್ಷಿ.’

“ಇನ್ನೂ ಒಂಚೂರು ದಪ್ಪ ಇರ್ಬಹುದಿತ್ತು,” ಎಂದರು ಅತ್ತೆ. ಆದರೆ ಕೂತದ್ದು ಅದಕ್ಕೆ ಎದುರಾಗಿಯೇ.

ಕಾಫಿ ಬಂತು. ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಹೆಂಡತಿಯೊಡನೆ ಒಳಗೆ ಬಂದರು. ಕೂರುವ ಮೊದಲು ಗೋಡೆ ನೋಡಿದರು, ಕನ್ನಡಕ ಸರಿಮಾಡಿಕೊಂಡರು, ಹುಬ್ಬು ಗಂಟಿಕ್ಕಿದರು.

“ಏನಮ್ಮ ಇದು,” ಎಂದು ಮೇಘಾಳನ್ನು ಕೇಳಿದರು, ಇಡೀ ಕೆಫೆಗೆ ಕೇಳುವಂತೆ. “ಮಗು ಎಡಗೈಗೆ ಲೋಟ ಕೊಟ್ಟಿದಾರಲ್ಲ! ನೋಡಿದ ಮಕ್ಕಳು ಏನು ಕಲೀಬೇಕು? ಯಾರ್ರೀ ಇದನ್ನ ಬರ್ದಿದ್ದು?”

ಮೇಘಾ ನಮ್ಮ ಕಡೆ ನೋಡಿದಳು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ತರಗತಿಯಲ್ಲಿ ಉತ್ತರ ಗೊತ್ತಿರುವ ಏಕೈಕ ಮಗುವಿನಂತೆ ಕೈ ಎತ್ತಿದರು.

ಎಡಗೈ.